ಅಪ್ಪನಿಗೆ ಕೊಯ್ದು ಕೊಟ್ಟ ಬಿಲ್ಲೆಗಳು

ತೆಳು ಹಲಗೆಯಲ್ಲಿ ಚಿತ್ರ ಕೊಯ್ಯುವ ಹವ್ಯಾಸಕ್ಕೆ ಇಳಿಯುವವರೆಲ್ಲ ಮೊದಲು ಮಾಡುವ ತಪ್ಪು ಒಂದೇ. ಬ್ಲೇಡನ್ನು ತಳ್ಳುತ್ತಾರೆ. ನೂಲಿನಷ್ಟು ಸಣ್ಣ ಗರಗಸ ಅದು. ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡುತ್ತ ಕಟ್ಟಿಗೆಯನ್ನು ಕೊರೆಯುತ್ತ ಹೋಗುತ್ತದೆ. ಹಲಗೆಯನ್ನು ಅದರ ಬಾಯಿಗೆ ಒಡ್ಡುವುದಷ್ಟೇ ನಮ್ಮ ಕೆಲಸ. ಆದರೆ ನಮಗೆ ತಾಳ್ಮೆ ಎಲ್ಲಿಯದು? ತಳ್ಳುತ್ತೇವೆ, ಬ್ಲೇಡು ಟಪ್ಪನೆ ಮುರಿಯುತ್ತದೆ, ಆಮೇಲೆ ಬ್ಲೇಡು ಮಾಡಿದವನ ವಂಶಕ್ಕೆಲ್ಲ ಬೈಯುತ್ತೇವೆ. ನಾನೂ ಹೊಟ್ಟೆ ತುಂಬ ಬೈದಿದ್ದೇನೆ.

ನಾನು ಇದನ್ನು ಕಲಿತದ್ದು ರಾಮದುರ್ಗದಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿಯ ಒಂದು ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರನಾಗಿ ಹೋಗಿದ್ದೆ. ಚಿತ್ರಕಲೆಯ ಪಿರಿಯಡ್ ಇರುವುದು ಗಣಿತದ ಮಾಸ್ತರರು ಉಳಿದ ಪಾಠ ಮುಗಿಸಿಕೊಳ್ಳಲಿಕ್ಕೆ ಎಂದೇ ಎಲ್ಲರೂ ತಿಳಿದಿದ್ದರು. ಹಾಗಾಗಿ ನನಗೆ ಪುರುಸೊತ್ತಿಗೆ ಬರಗಾಲವಿರಲಿಲ್ಲ. ಶಾಲೆಯ ಕಪಾಟಿನಲ್ಲಿ ಹಿಂದೆಂದೋ ನಡೆಯುತ್ತಿದ್ದ ಕರಕುಶಲ ತರಗತಿಯ ಒಂದು ಫ್ರೆಟ್ ಸಾ ತುಕ್ಕು ಹಿಡಿದು ಬಿದ್ದಿತ್ತು: ಬಿಲ್ಲಿನಂತೆ ಬಾಗಿದ ಕಬ್ಬಿಣದ ಚೌಕಟ್ಟು, ಕೆಳಗೊಂದು ಹಿಡಿಕೆ, ಎರಡು ತುದಿಗೆ ಬ್ಲೇಡು ಬಿಗಿಯುವ ತಿರುಪು. ಅದನ್ನು ರೂಮಿಗೆ ತಂದು ಸೀಮೆಎಣ್ಣೆಯಲ್ಲಿ ತಿಕ್ಕಿದೆ. ಕಿರಾಣಿ ಅಂಗಡಿಯಿಂದ ಚಹಾಪುಡಿಯ ಖಾಲಿ ಖೋಕಾ, ಅಂದರೆ ಪೆಟ್ಟಿಗೆ, ತಂದು ಅದರ ತೆಳು ಪ್ಲೈವುಡ್ ಬಿಚ್ಚಿಕೊಂಡೆ. ಮೊದಲು ಕೊಯ್ದದ್ದು ನವಿಲು. ಅದರ ಕುತ್ತಿಗೆ ಕೈಯಲ್ಲೇ ಉಳಿಯಿತು, ಮೈ ನೆಲಕ್ಕೆ ಬಿತ್ತು.

ಹೇಳಿಕೊಡುವವರು ಯಾರೂ ಇರಲಿಲ್ಲ. ಬ್ಲೇಡಿನ ಹಲ್ಲು ಕೆಳಮುಖವಾಗಿರಬೇಕು ಎನ್ನುವುದು ಗೊತ್ತಾಗಲಿಕ್ಕೇ ಒಂದು ಬೇಸಿಗೆ ಹಿಡಿಯಿತು. ಬ್ಲೇಡು ಬಿಗಿದ ಮೇಲೆ ಬೆರಳಿನಿಂದ ಮೀಟಿ ನೋಡಬೇಕು, ಏಕತಾರಿಯ ತಂತಿಯ ಹಾಗೆ ಟಿಣ್ ಅನ್ನಬೇಕು. ಮಂಕಾಗಿ ದಬ್ ಎಂದರೆ ಸಡಿಲ ಎಂದರ್ಥ, ಕೊಯ್ಯುವಾಗ ದಾರಿ ಬಿಟ್ಟು ಓಡುತ್ತದೆ. ಮೂಲೆ ಬಂದಾಗ ಮುಂದೆ ಹೋಗಬಾರದು, ನಿಂತಲ್ಲೇ ಗರಗಸ ಆಡಿಸುತ್ತ ಹಲಗೆಯನ್ನು ಮೆಲ್ಲಗೆ ತಿರುಗಿಸಬೇಕು. ಮೇಣಬತ್ತಿಯ ತುಂಡನ್ನು ಬ್ಲೇಡಿಗೆ ಸವರಿದರೆ ಬಿಸಿಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಒಳಗಿನ ಕಿಂಡಿಗಳನ್ನು ಮೊದಲು ತೆಗೆದು ಹೊರಗಿನ ಅಂಚನ್ನು ಕಡೆಗೆ ಕೊಯ್ಯಬೇಕು. ಹೊರಗಿನದು ಮೊದಲಾದರೆ ಕೈಯಲ್ಲಿ ಹಿಡಿಯಲಿಕ್ಕೆ ಏನೂ ಉಳಿಯುವುದಿಲ್ಲ. ಇಷ್ಟು ತಿಳಿಯುವ ಹೊತ್ತಿಗೆ ನನಗೆ ಸವದತ್ತಿಗೆ ವರ್ಗವಾಯಿತು.

ಸವದತ್ತಿಯಲ್ಲಿ ನನ್ನ ಹೆಸರು ಸ್ವಲ್ಪ ಕೆಟ್ಟಿತು ಅನ್ನಬೇಕು, ಏಕೆಂದರೆ ನನ್ನ ಹವ್ಯಾಸ ಊರಿಗೆಲ್ಲ ಗೊತ್ತಾಯಿತು. ಹೊಸ ಮನೆ ಕಟ್ಟಿಸಿದವರೆಲ್ಲ ಬಾಗಿಲಿಗೆ ‘ಸುಸ್ವಾಗತ’ ಬೇಕೆಂದು ಬಂದರು. ಕನ್ನಡ ಅಕ್ಷರ ಕೊಯ್ಯುವುದು ಎಷ್ಟು ಕಷ್ಟ ಅನ್ನುವುದು ‘ಸುಸ್ವಾಗತ’ ಬರೆಸಲಿಕ್ಕೆ ಬಂದವನಿಗೆ ಹೇಗೆ ತಿಳಿಯಬೇಕು? ಸುತ್ತು ಹೆಚ್ಚು, ಒತ್ತಕ್ಷರಗಳೆಲ್ಲ ಕೆಳಗೆ ಜೋತಾಡುತ್ತವೆ, ಎಲ್ಲೋ ಒಂದು ಎಳೆಯಷ್ಟು ಕಟ್ಟಿಗೆ ಅವನ್ನು ಹಿಡಿದಿಟ್ಟಿರುತ್ತದೆ. ಕಷ್ಟಪಟ್ಟು ಕೊಯ್ದು ಕೊಟ್ಟರೆ ದೀಪಾವಳಿಯ ಧೂಳು ಹೊಡೆಯುವಾಗ ಕಸಬರಿಗೆಯಿಂದ ತಟ್ಟಿ ಮುರಿದು, ಮಾಸ್ತರ ಕೆಲಸ ಗಟ್ಟಿ ಇಲ್ಲ ಎಂದು ನನಗೇ ಬಂದು ಹೇಳುತ್ತಿದ್ದರು. ಅಂಥವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆ ದಶಕದ ಕಡೆಗೆ ಬೈಲಹೊಂಗಲಕ್ಕೆ, ನಮ್ಮ ಮನೆಗೇ ವರ್ಗವಾಗಿ ಬಂದೆ. ಅಪ್ಪನದು ಅಲ್ಲಿ ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ. ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುವುದರಲ್ಲಿ ಅಪ್ಪನನ್ನು ಮೀರಿಸಿದವರಿರಲಿಲ್ಲ. ಹತ್ತಿಯ ರಾಶಿಯ ಮೇಲೆ ನಿಂತು ‘ಒಂದ ಸಾರಿ, ಎರಡ ಸಾರಿ’ ಎಂದು ಅವನು ಕೂಗಿದರೆ ಆಚೆ ಓಣಿಯ ಎಮ್ಮೆಗಳು ಕಿವಿ ನಿಮಿರಿಸುತ್ತವೆ ಎಂದು ಅವ್ವ ನಗುತ್ತಿದ್ದಳು. ಮನೆಯಲ್ಲೂ ಅದೇ ಗಂಟಲು. ಅಂಥವನಿಗೆ ನನ್ನ ಹವ್ಯಾಸ ಕಂಡರೆ ಮೈಯೆಲ್ಲ ಉರಿ. ಗಂಡಸಾದವನು ಕಟ್ಟಿಗೆಗೆ ತೂತು ಹೊಡೆಯುತ್ತ ಕುಳಿತಿದ್ದಾನೆ, ಇವನಿಗೆ ಸಂಬಳ ಕೊಡುವ ಸರ್ಕಾರಕ್ಕೆ ಏನನ್ನಬೇಕು ಎಂದು ಅಂಗಡಿಗೆ ಬಂದ ರೈತರ ಮುಂದೆ ಹೇಳುತ್ತಿದ್ದ. ನಾನೂ ಅವನ ಮಗನೇ. ಅಪ್ಪ ಮನೆಯಲ್ಲಿದ್ದಾಗಲೇ ಬೇಕೆಂದು ಗರಗಸ ಹಿಡಿಯುತ್ತಿದ್ದೆ.

ಅವ್ವ ಮಾತ್ರ ನನ್ನ ಪರ. ಅವಳ ಹಳೆಯ ಹೊಲಿಗೆ ಯಂತ್ರದ ತಲೆ ಕೆಟ್ಟು ಅದರ ಸ್ಟ್ಯಾಂಡು ಹಿತ್ತಲಲ್ಲಿ ನಿಂತಿತ್ತು. ತಗೊಂಡು ಏನಾದರೂ ಮಾಡಿಕೋ ಎಂದಳು. ವೆಲ್ಡಿಂಗ್ ಅಂಗಡಿಯವನ ಬೆನ್ನು ಹತ್ತಿ ಅದರ ಮೇಲೆ ಒಂದು ಕಬ್ಬಿಣದ ತೋಳು ಕೂಡಿಸಿ, ಕಾಲಿನಿಂದ ಪೆಡಲು ತುಳಿದರೆ ಬ್ಲೇಡು ಮೇಲೆ ಕೆಳಗೆ ಆಡುವ ಹಾಗೆ ಮಾಡಿಸಿಕೊಂಡೆ. ಪುಣೆಯಲ್ಲಿ ಕರೆಂಟಿನ ಯಂತ್ರ ಸಿಗುತ್ತದೆ, ಅದಕ್ಕೆ ಸ್ಕ್ರೋಲ್ ಸಾ ಅನ್ನುತ್ತಾರೆ ಎಂದು ಕೇಳಿದ್ದೆ. ನಮ್ಮೂರ ಕರೆಂಟಿನ ಗುಣ ಗೊತ್ತಿದ್ದವನು ಅದನ್ನು ಕೊಳ್ಳುವ ಮೂರ್ಖತನ ಮಾಡುವುದಿಲ್ಲ. ಕಾಲಿನ ಯಂತ್ರದ ದೊಡ್ಡ ಲಾಭ ಎಂದರೆ ಎರಡೂ ಕೈ ಹಲಗೆಗೆ ಸಿಗುತ್ತವೆ. ಉದುರಿದ ತುಂಡುಗಳನ್ನು ಅವ್ವ ಬುಟ್ಟಿಯಲ್ಲಿ ಬಳಿದುಕೊಂಡು ಹೋಗಿ ಬಚ್ಚಲೊಲೆಗೆ ಹಾಕುತ್ತಿದ್ದಳು. ನಿನ್ನ ಚಿತ್ರಕ್ಕಿಂತ ಇದರಲ್ಲಿ ನೀರು ಚೆನ್ನಾಗಿ ಕಾಯುತ್ತದೆ ಎಂದು ಹೊಗಳುತ್ತಿದ್ದಳು.

ಹೊಸ ಶತಮಾನ ಬಂದ ಒಂದೆರಡು ವರ್ಷಕ್ಕೆ, ಹತ್ತಿಯ ಸುಗ್ಗಿಯಲ್ಲಿ, ಅಪ್ಪ ಮಾರ್ಕೆಟ್ಟಿನಲ್ಲಿ ಸವಾಲಿನ ನಡುವೆಯೇ ಕುಸಿದ. ಲಕ್ವಾ. ಧಾರವಾಡದ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಜೀವ ಉಳಿಸಿ ಕಳಿಸಿದರು. ಬಲಗೈ ಬಲಗಾಲು ಬಿದ್ದಿದ್ದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿತ್ತು. ನಾವು ಹೇಳಿದ್ದು ಅವನಿಗೆ ತಿಳಿಯುತ್ತದೆ, ಆದರೆ ತನಗೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ, ಬರೆಯಲಿಕ್ಕೂ ಓದಲಿಕ್ಕೂ ಆಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಆ ದೊಡ್ಡ ಗಂಟಲಿನಲ್ಲಿ ಒಂದೇ ಒಂದು ಮಾತು ಉಳಿದಿತ್ತು. ನೀರು ಬೇಕಾದರೂ ‘ಎರಡ ಸಾರಿ’, ಹಾಸಿಗೆ ಚುಚ್ಚಿದರೂ ‘ಎರಡ ಸಾರಿ’. ಕೇಳಿದವರಿಗೆ ಮೊದಲ ಸಲ ನಗು ಬರುತ್ತಿತ್ತು. ಮನೆಯವರಾದ ನಮಗೆ ಬರುತ್ತಿರಲಿಲ್ಲ.

ಅವ್ವನಿಗೆ ಮಾತ್ರ ಅದರಲ್ಲಿಯೇ ಎಲ್ಲ ತಿಳಿಯುತ್ತಿತ್ತು. ನನಗೂ ನನ್ನ ಹೆಂಡತಿಗೂ ಒಂದೇ ಥರ ಕೇಳುವ ‘ಎರಡ ಸಾರಿ’ ಅವಳಿಗೆ ಒಂದು ಸಲ ಚಹಾ ಎಂದು, ಇನ್ನೊಂದು ಸಲ ಫ್ಯಾನು ಎಂದು ಕೇಳುತ್ತಿತ್ತು. ಅದು ಹೇಗೆ ಎಂದು ಕೇಳಿದೆ.

“ಮಾತು ಹ್ವಾದ್ರ ಏನಾತು, ಸಿಟ್ಟ ಹೋಗಿಲ್ಲಲ್ಲ. ಅದರಿಂದ ತಿಳೀತೈತಿ ನನಗ,” ಎಂದಳು.

ಆದರೆ ಅವ್ವ ಸಂತೆಗೆ ಹೋದಾಗ, ನೀರು ತರಲಿಕ್ಕೆ ಹೋದಾಗ ನಮ್ಮ ಪಾಡು ನಾಯಿಪಾಡು. ಅಪ್ಪ ಕೂಗುತ್ತಾನೆ, ನಾವು ಒಂದೊಂದನ್ನೇ ಎತ್ತಿ ತೋರಿಸುತ್ತೇವೆ, ಯಾವುದೂ ಅಲ್ಲ. ಅವನ ಕಣ್ಣಲ್ಲಿ ನೀರು ಬರುವವರೆಗೆ ಇದು ನಡೆಯುತ್ತಿತ್ತು. ಕಡೆಗೆ ನನಗೆ ತಿಳಿದ ಒಂದೇ ವಿದ್ಯೆಯನ್ನು ಹಿಡಿದುಕೊಂಡು ಕುಳಿತೆ. ಬೇಕಾದ ವಸ್ತುಗಳ ಆಕಾರವನ್ನೇ ಕಟ್ಟಿಗೆಯಲ್ಲಿ ಕೊಯ್ದು ಕೊಟ್ಟರೆ ಅಪ್ಪ ಅದನ್ನು ಎತ್ತಿ ತೋರಿಸಬಹುದಲ್ಲ ಅನಿಸಿತು. ಏನೇನು ಬೇಕು ಎಂದು ಅವ್ವನನ್ನೇ ಕೇಳಿದೆ. ರೊಟ್ಟಿ ಬಡಿಯುತ್ತ ಅವಳು ಹೇಳುತ್ತ ಹೋದಳು: ತಂಬಿಗೆ, ಚಹಾದ ಕಪ್ಪು, ಫ್ಯಾನು, ಹೊದಿಕೆ, ಹೊರಗಿನ ಕಟ್ಟೆಗೆ ಹೋಗಲಿಕ್ಕೆ ಚಪ್ಪಲಿ, ಪೂಜೆಗೆ ಲಿಂಗ, ಮಗಳನ್ನು ನೋಡಬೇಕೆನಿಸಿದರೆ ಕಿತ್ತೂರಿನ ಕೋಟೆಯ ಬಾಗಿಲು. ಅಕ್ಕನನ್ನು ಕಿತ್ತೂರಿಗೆ ಕೊಟ್ಟಿತ್ತು. ಏನೂ ಬಿಟ್ಟಿಲ್ಲ ತಾನೆ ಎಂದು ಕೇಳಿದೆ. ಇನ್ನೇನು ಇರುತ್ತದೆ, ಇಷ್ಟೇ ಅವನ ಸಂಸಾರ ಎಂದಳು.

ರೋಗಿಗೆ ಎಂದು ಕೊಯ್ಯುವವರಿಗೆ ಕೆಲವು ಮಾತು ಹೇಳಬೇಕು. ಖೋಕಾದ ಪ್ಲೈವುಡ್ ಬೇಡ, ಅಂಚಿನ ಸಿಬಿರು ಬೆರಳಿಗೆ ಹೊಗುತ್ತದೆ. ನಾನು ಹಳೆಯ ಸಾಗವಾನಿ ಬಾಗಿಲಿನ ಹಲಗೆ ತೆಗೆದುಕೊಂಡೆ. ಬೆರಳಿನಷ್ಟು ದಪ್ಪ ಇರಲಿ, ಶಕ್ತಿಯಿಲ್ಲದ ಕೈಗೆ ತೆಳುವಾದದ್ದು ಎತ್ತಲಿಕ್ಕೆ ಬರುವುದಿಲ್ಲ. ದಪ್ಪ ಹಲಗೆಗೆ ದೊಡ್ಡ ಹಲ್ಲಿನ ಬ್ಲೇಡು ಹಾಕಿ ಇನ್ನೂ ಸಾವಕಾಶ ಹೋಗಬೇಕು. ಚಿತ್ರದಲ್ಲಿ ಕುಸುರಿ ಕೆಲಸ ಮಾಡಬೇಡಿ, ನಿಮ್ಮ ಜಾಣತನ ತೋರಿಸುವ ಜಾಗ ಅದಲ್ಲ. ತಂಬಿಗೆ ತಂಬಿಗೆಯ ಹಾಗೆ ಕಂಡರೆ ಸಾಕು. ಪಾಲಿಶ್ ಕಾಗದದಿಂದ ಅಂಚುಗಳನ್ನು ಗುಂಡಗೆ ಮಾಡಿ. ಬಣ್ಣ ಬಳಿಯಬೇಡಿ, ಕೊಬ್ಬರಿ ಎಣ್ಣೆ ಒರೆಸಿದರೆ ಸಾಕು. ಆ ಬಿಲ್ಲೆಗಳನ್ನೆಲ್ಲ ಅವ್ವ ಒಂದು ಸ್ಟೀಲಿನ ಡಬ್ಬಿಗೆ ಹಾಕಿ ಅಪ್ಪನ ಮಂಚದ ಮೇಲಿಟ್ಟಳು.

ಅಪ್ಪ ಮೊದಮೊದಲು ಅದರಲ್ಲಿ ಕೈಯನ್ನೇ ಹಾಕಲಿಲ್ಲ. ನನ್ನ ಕೆಲಸ ಎನ್ನುವ ತಾತ್ಸಾರ ಒಂದು ಕಡೆ, ಎಡಗೈಯಿಂದ ಎತ್ತಬೇಕಲ್ಲ ಎನ್ನುವ ಸಂಕೋಚ ಇನ್ನೊಂದು ಕಡೆ. ಹುಟ್ಟಿದಾಗಿನಿಂದ ಎಡಗೈ ಮುಂದೆ ಮಾಡಿ ಯಾರಿಗೂ ಏನನ್ನೂ ಕೊಟ್ಟವನಲ್ಲ, ತೆಗೆದುಕೊಂಡವನಲ್ಲ. ಎಡ ಅಂಗೈ ಇದ್ದದ್ದು ಮುಂಜಾನೆಯ ಪೂಜೆಯಲ್ಲಿ ಕೊರಳ ಲಿಂಗವನ್ನು ಇಟ್ಟುಕೊಳ್ಳಲಿಕ್ಕೆ. ಈಗಲೂ ಲಿಂಗ ಅಂಗೈಯಲ್ಲಿ ಕೂಡುತ್ತಿತ್ತು, ಆದರೆ ವಿಭೂತಿ ಹಚ್ಚಿ ಪತ್ರೆ ಏರಿಸಲಿಕ್ಕೆ ಬಲಗೈ ಇರಲಿಲ್ಲ. ಆ ಬಲಗೈಯ ಕೆಲಸವನ್ನು ಅವ್ವ ಮಾಡುತ್ತಿದ್ದಳು. ಹೀಗೆ ಇಬ್ಬರೂ ಕೂಡಿ ಒಂದು ಪೂಜೆ ಮುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬನೇ ಇದ್ದಾಗ ಡಬ್ಬಿ ಸದ್ದಾಯಿತು. ಅಪ್ಪ ಬೇರೆ ಕಡೆ ಮುಖ ತಿರುಗಿಸಿಕೊಂಡು ಎಡಗೈಯಲ್ಲಿ ಫ್ಯಾನಿನ ಬಿಲ್ಲೆ ಎತ್ತಿ ಹಿಡಿದಿದ್ದ. ಕರೆಂಟು ಇರಲಿಲ್ಲ. ಆದರೂ ಎದ್ದು ಹೋಗಿ ಬಟನ್ ಒತ್ತಿ ಬಂದೆ. ಅಷ್ಟು ಸಂತೋಷ ನನಗೆ ಯಾವ ‘ಸುಸ್ವಾಗತ’ದಿಂದಲೂ ಸಿಕ್ಕಿರಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಡಬ್ಬಿಗೆ ಒಗ್ಗಿಕೊಂಡ. ಚಹಾದ ಬಿಲ್ಲೆ ಎಷ್ಟು ಬಳಕೆಯಾಯಿತು ಎಂದರೆ ಅದರ ಕಿವಿ ಸವೆದುಹೋಗಿ ಇನ್ನೊಂದು ಕೊಯ್ದು ಕೊಟ್ಟೆ.

ಮರುವರ್ಷ ಮಳೆಗಾಲದಲ್ಲಿ ಅವ್ವ ಮಲಗಿದಳು. ಹೊಟ್ಟೆ ನೋವನ್ನು ಎಷ್ಟು ತಿಂಗಳಿನಿಂದ ನುಂಗಿಕೊಂಡಿದ್ದಳೋ, ಯಾರಿಗೂ ಹೇಳಿರಲಿಲ್ಲ. ತೋರಿಸಿದಾಗ ಕೈ ಮೀರಿತ್ತು. ಅವಳನ್ನು ಧಾರವಾಡದ ಆಸ್ಪತ್ರೆಗೆ ಸೇರಿಸಿ, ಹೋಗಿ ಬರಲಿಕ್ಕೆ ಅನುಕೂಲ ಎಂದು ಅಪ್ಪನನ್ನು ಅವನ ಡಬ್ಬಿ ಸಮೇತ ಕಿತ್ತೂರಿನ ಅಕ್ಕನ ಮನೆಗೆ ಸಾಗಿಸಿದೆವು. ಹೊರಡುವಾಗ ಅವ್ವ ಅಪ್ಪನ ಹಣೆಗೆ ವಿಭೂತಿ ಹಚ್ಚಿ, ಬರುತ್ತೇನೆ ಎಂದು ಹೇಳಿ ಗಾಡಿ ಹತ್ತಿದ್ದಳು. ಬರಲಿಲ್ಲ. ಆಸ್ಪತ್ರೆಯಲ್ಲೇ ತೀರಿಕೊಂಡಳು.

ಅಪ್ಪನಿಗೆ ಇನ್ನೊಂದು ಆಘಾತವಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು.

“ಅಪ್ಪಗ ಹೇಳೂದು ಬ್ಯಾಡೋ ತಮ್ಮಾ. ಒಬ್ಬಾಕಿ ಹ್ವಾದ್ಲು, ಅವನರ ಇರ್ಲಿ.”

ನನಗೂ ಬೇರೆ ದಾರಿ ಕಾಣಲಿಲ್ಲ. ಅವ್ವನನ್ನು ಮನೆಗೆ ತರದೆ ನೇರ ನಮ್ಮ ಹೊಲಕ್ಕೆ ಒಯ್ದೆವು. ಬಂಧುಬಳಗ ಅಲ್ಲಿಗೇ ಬಂತು. ಮುತ್ತೈದೆ ಸತ್ತರೆ ಗಂಡನ ಕೈಯ ಪತ್ರೆ ಮೊದಲು ಬೀಳಬೇಕು. ಅವಳ ಗಂಡ ಐದಾರು ಹರದಾರಿ ಆಚೆ ಮಗಳ ಮನೆಯ ಪಡಸಾಲೆಯಲ್ಲಿ ಚಹಾದ ಬಿಲ್ಲೆ ಹಿಡಿದು ಕುಳಿತಿದ್ದ. ಅವನ ಪತ್ರೆ ಇಲ್ಲದೆಯೇ ನಾವು ಅವ್ವನನ್ನು ಮಣ್ಣಿಗಿಟ್ಟೆವು. ಈ ಒಂದು ಸಂಕಟ ನನಗೆ ಇಂದಿಗೂ ಆರಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಪ್ಪನನ್ನು ಬೈಲಹೊಂಗಲಕ್ಕೆ ಕರೆತಂದೆವು. ಅವ್ವ ಆರಾಮಾಗಿದ್ದಾಳೆ, ವಿಶ್ರಾಂತಿಗೆಂದು ತವರಿಗೆ, ಮನೋಳಿಗೆ ಹೋಗಿದ್ದಾಳೆ ಎಂದು ಹೇಳಿದೆವು. ಓಣಿಗೆಲ್ಲ ತಾಕೀತು ಮಾಡಿದ್ದೆವು. ಮಾತಾಡಿಸಲಿಕ್ಕೆ ಬಂದ ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು, ಅಡಿಗೆಮನೆಯಲ್ಲಿ ಸದ್ದಿಲ್ಲದೆ ಅತ್ತು, ಮುಖ ತೊಳೆದುಕೊಂಡು ಪಡಸಾಲೆಗೆ ಬರುತ್ತಿದ್ದರು. ಮನೋಳಿಯ ಹೊಳೆಗೆ ನೀರು ಬಂದಿದೆ, ದಾರಿ ಕೆಟ್ಟಿದೆ ಎಂದು ನಾನು ದಿನಕ್ಕೊಂದು ಸೇರಿಸುತ್ತಿದ್ದೆ. ಅಪ್ಪ ಕೇಳುತ್ತಿದ್ದ. ನಂಬಿದನೋ ಇಲ್ಲವೋ ತಿಳಿಯುವಂತಿರಲಿಲ್ಲ. ಅವ್ವ ತವರಿಗೆ ಹೋದರೂ ಒಂದು ರಾತ್ರಿಗಿಂತ ಹೆಚ್ಚು ಉಳಿದವಳಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ದಿನಕ್ಕೆ ಅಪ್ಪ ಡಬ್ಬಿ ಕೆದಕಲಿಕ್ಕೆ ಶುರು ಮಾಡಿದ. ಮುಂಜಾನೆ ಎದ್ದ ಕೂಡಲೇ ಬಿಲ್ಲೆಗಳನ್ನೆಲ್ಲ ಹಾಸಿಗೆಯ ಮೇಲೆ ಸುರುವಿಕೊಂಡು ಒಂದೊಂದನ್ನೇ ಎತ್ತಿ ನೋಡಿ ಬದಿಗಿಡುತ್ತಿದ್ದ. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಸಿಗದಿದ್ದಾಗ ಅಡಿಗೆಮನೆಯ ಬಾಗಿಲಿನ ಕಡೆ ಕೈ ಮಾಡಿ ‘ಎರಡ ಸಾರಿ’ ಎನ್ನುತ್ತಿದ್ದ. ನನ್ನ ಹೆಂಡತಿ ರೊಟ್ಟಿ ತಂದಳು, ಅಲ್ಲ. ಮಜ್ಜಿಗೆ ತಂದಳು, ಅಲ್ಲ. ಬೆಲ್ಲ, ಉಪ್ಪಿನಕಾಯಿ, ಶೇಂಗಾದ ಹಿಂಡಿ, ಅಡಿಗೆಮನೆಯಲ್ಲಿದ್ದದ್ದೆಲ್ಲ ಪಡಸಾಲೆಗೆ ಬಂದು ವಾಪಸು ಹೋಯಿತು.

ಡಬ್ಬಿಯಲ್ಲಿ ಏನೋ ಕಡಿಮೆಯಿದೆ ಎಂದುಕೊಂಡು ನಾನು ಮತ್ತೆ ಯಂತ್ರಕ್ಕೆ ಕುಳಿತೆ. ಎಲೆ ಅಡಿಕೆ ಕೇಳುತ್ತಿರಬಹುದು ಎಂದು ವೀಳ್ಯದೆಲೆ ಕೊಯ್ದೆ. ಅಂಗಡಿ ನೆನಪಾಗಿರಬಹುದು ಎಂದು ತಕ್ಕಡಿ ಕೊಯ್ದೆ. ಹತ್ತಿಯ ಕಾಯಿ, ಚಕ್ಕಡಿ, ಎತ್ತು, ಗುಡಿಯ ಶಿಖರ. ಶಾಲೆಯಿಂದ ಬಂದವನು ಅಂಗಿ ಬಿಚ್ಚುವ ಮೊದಲೇ ಪೆಡಲು ತುಳಿಯಲಿಕ್ಕೆ ಕೂಡುತ್ತಿದ್ದೆ. ಕೊಯ್ದದ್ದನ್ನೆಲ್ಲ ಒಯ್ದು ಒಯ್ದು ಅವನ ಮುಂದಿಡುತ್ತಿದ್ದೆ. ಎತ್ತನ್ನು ಅವನು ಗೋಡೆಗೆ ಎಸೆದ, ಒಂದು ಕೊಂಬು ಮುರಿಯಿತು. ಏನು ಬೇಕಪ್ಪಾ ನಿನಗೆ ಎಂದು ನಾನೂ ಕೂಗಿದೆ. ಕೂಗಿದ ಮೇಲೆ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ. ಮೂರು ಹೊತ್ತೂ ಅವನಿಗೆ ಉಣಿಸುತ್ತೇವೆ, ಮೈ ಒರೆಸುತ್ತೇವೆ, ಆದರೆ ಅವನಿಗೆ ಬೇಕಾದ ಒಂದು ವಸ್ತು ಏನೆಂದು ತಿಳಿಯಲಿಕ್ಕೆ ಆಗುತ್ತಿಲ್ಲವಲ್ಲ ಎನ್ನುವುದು ನನ್ನನ್ನು ಹಣಿದುಹಾಕಿತ್ತು.

ನನ್ನ ಹೆಂಡತಿ ಮುರಿದ ಕೊಂಬನ್ನು ಆರಿಸಿಕೊಂಡು ಹಿತ್ತಲಿಗೆ ಬಂದಳು. ಅದನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

“ಅವರಿಗೆ ಬೇಕಾಗಿದ್ದು ಸಾಮಾನಲ್ರೀ. ಅತ್ತೀನ್ನ ಹುಡುಕಾಕತ್ತಾರ. ಅಷ್ಟೆಲ್ಲಾ ಕೊಯ್ದ್ರಿ, ಅತ್ತೀದೊಂದು ಕೊಯ್ಲೇ ಇಲ್ಲ ನೀವು.”

ಹೌದು. ಕೊಯ್ದಿರಲಿಲ್ಲ. ಯಾಕೆ ಕೊಯ್ಯಬೇಕಿತ್ತು? ಅವ್ವ ಮನೆಯಲ್ಲೇ ಇದ್ದಳು. ಏನೇನು ಬೇಕು ಎಂದು ಹೇಳಿದವಳೇ ಅವಳು. ತನ್ನನ್ನೂ ಒಂದು ಕೊಯ್ದು ಹಾಕು ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೆಸರು ಹಿಡಿದು ಅಪ್ಪ ಅವಳನ್ನು ಎಂದೂ ಕರೆದವನಲ್ಲ, ಅಡಿಗೆಮನೆಯ ಕಡೆ ಮುಖ ಮಾಡಿ ‘ಏ’ ಎಂದರೆ ಅವಳು ಬರುತ್ತಿದ್ದಳು. ಈಗಲೂ ಅವನು ಅದನ್ನೇ ಮಾಡುತ್ತಿದ್ದ. ನಾವು ಮಜ್ಜಿಗೆ ತಂದು ಕೊಡುತ್ತಿದ್ದೆವು.

ಕೊಯ್ಯಲೋ ಬೇಡವೋ ಎಂದು ನಾನು ಯೋಚಿಸಲಿಲ್ಲ. ಅಪ್ಪ ಏನೋ ಕೇಳುತ್ತಿದ್ದಾನೆ, ಕೊಟ್ಟುಬಿಟ್ಟರೆ ಅವನ ಹುಡುಕಾಟ ನಿಲ್ಲುತ್ತದೆ, ಅಷ್ಟೇ ತಲೆಯಲ್ಲಿತ್ತು. ತಲೆಯ ಮೇಲೆ ಸೆರಗು ಹೊತ್ತ ಹೆಂಗಸಿನ ಆಕಾರ ಒಂದನ್ನು ಬೇಗ ಬೇಗ ಬರೆದು ಕೊಯ್ದೆ. ಅಪ್ಪ ಅದನ್ನು ನೋಡಿ, ನನ್ನ ಹೆಂಡತಿಯ ಕಡೆ ತೋರಿಸಿ, ಕೆಳಗಿಟ್ಟ. ಅವನ ತಪ್ಪಲ್ಲ. ನಮ್ಮ ಕಡೆ ಸೆರಗು ಹೊತ್ತವರೆಲ್ಲ ಕಟ್ಟಿಗೆಯಲ್ಲಿ ಒಂದೇ ಥರ ಕಾಣುತ್ತಾರೆ. ತಂಬಿಗೆಯಾದರೆ ಯಾವ ತಂಬಿಗೆಯಾದರೂ ನಡೆಯುತ್ತದೆ. ಅವ್ವ ಎಂದರೆ ಅವ್ವನೇ ಆಗಬೇಕು. ಎಷ್ಟೋ ವರ್ಷ ಬೋರ್ಡಿನ ಮೇಲೆ ಯಾರ್ಯಾರ ಮುಖವನ್ನೋ ಬರೆದ ಡ್ರಾಯಿಂಗ್ ಮಾಸ್ತರ ನಾನು, ಸ್ವಂತ ತಾಯಿಯ ಗೆರೆ ಸಿಗದೆ ಕಾಗದ ಹರಿದು ಹರಿದು ಹಾಕಿದೆ. ಫೋಟೊ ಎಂದರೆ ಇದ್ದದ್ದು ಅಕ್ಕನ ಮದುವೆಯದೊಂದೇ. ಅದರಲ್ಲಿ ಅವಳು ಎಲ್ಲರ ಹಿಂದೆ ನಿಂತಿದ್ದಳು, ಮುಖ ಅರ್ಧ ಮಾತ್ರ ಕಾಣುತ್ತಿತ್ತು.

ಕಡೆಗೆ ಒಂದು ಮುಂಜಾನೆ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಒಲೆಯ ಮುಂದಿನ ಖಾಲಿ ಜಾಗವನ್ನು ನೋಡುತ್ತಿದ್ದಾಗ ಗೆರೆ ಸಿಕ್ಕಿತು. ಅವ್ವನ ಎಡ ಮೊಣಕಾಲು ಮಡಚುತ್ತಿರಲಿಲ್ಲ. ಆ ಕಾಲನ್ನು ಉದ್ದಕ್ಕೆ ಚಾಚಿ, ಇನ್ನೊಂದನ್ನು ಮಡಚಿ, ಸ್ವಲ್ಪ ವಾಲಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹಾಗೆ ಕೂಡುವವರು ಇಡೀ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಬದಿಯಿಂದ ನೋಡಿದ ಹಾಗೆ ಬರೆದೆ: ಚಾಚಿದ ಕಾಲು, ಬಾಗಿದ ಬೆನ್ನು, ರೊಟ್ಟಿಗೆಂದು ಎತ್ತಿದ ಕೈ.

ಕಾಗದವನ್ನು ತೆಳು ಗಂಜಿಯಿಂದ ಹಲಗೆಗೆ ಅಂಟಿಸಿ ಒಣಗಲು ಬಿಟ್ಟೆ. ಎತ್ತಿದ ಕೈಗೂ ತಲೆಗೂ ನಡುವಿನ ಕಿಂಡಿಯೇ ಕಠಿಣ ಜಾಗ. ಅಲ್ಲಿ ಸಣ್ಣ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ ತೂರಿಸಿ, ಮತ್ತೆ ಬಿಗಿದು, ಮೆಲ್ಲಗೆ ಪೆಡಲು ತುಳಿದೆ. ಒಂದು ಬ್ಲೇಡು ಮುರಿಯಿತು, ಇನ್ನೊಂದು ಹಾಕಿದೆ. ಕಿಂಡಿಯ ತುಂಡು ಉದುರಿತು. ಬೆನ್ನಿನ ಬಾಗು ಬಂದಾಗ ಕಣ್ಣು ಮಂಜಾಗಿ ಗೆರೆ ಕಾಣದೆ ಕಾಲು ನಿಲ್ಲಿಸಿದೆ. ಒರೆಸಿಕೊಂಡು ಮತ್ತೆ ತುಳಿದೆ. ಹೊರ ಅಂಚು ಮುಗಿದು ಬಿಲ್ಲೆ ಕೈಗೆ ಬಂದಾಗ ಅದು ಬೆಚ್ಚಗಿತ್ತು. ಪಾಲಿಶ್ ಕಾಗದ ತಿಕ್ಕಿ ಎಣ್ಣೆ ಒರೆಸಿದೆ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯದಾಗಿ ನಾನು ಏನನ್ನೂ ಕೊಯ್ದಿಲ್ಲ.

ಅಪ್ಪನಿಗೆ ಜಳಕ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದೆವು. ಅವನ ಅಂಗೈಯಲ್ಲಿ ಬಿಲ್ಲೆ ಇಟ್ಟೆ. ನೋಡಿದ. ಗುರುತು ಹಿಡಿಯಲಿಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. ಲಕ್ವಾ ಹೊಡೆದಾಗಿನಿಂದ ವಾರೆಯಾಗಿದ್ದ ಬಾಯಿ ಅಗಲವಾಗಿ ಅಪ್ಪ ನಕ್ಕ. ಹೆಬ್ಬೆರಳಿನಿಂದ ಆ ಚಾಚಿದ ಕಾಲನ್ನು ಸವರಿದ. ನನ್ನ ಮುಖ ನೋಡಿ ತಲೆ ಆಡಿಸಿದ. ನನ್ನ ಕೆಲಸವನ್ನು ಅಪ್ಪ ಮೆಚ್ಚಿದ್ದು ಅದೇ ಮೊದಲು. ನಾನೂ ಹುಚ್ಚನ ಹಾಗೆ ನಕ್ಕೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಅಪ್ಪ ಬಿಲ್ಲೆಯನ್ನು ಮಂಚದ ಮೇಲೆ ತನ್ನ ಮುಂದಿಟ್ಟ. ಡಬ್ಬಿಯಲ್ಲಿ ಕೈಯಾಡಿಸಿ ಚಪ್ಪಲಿಯ ಬಿಲ್ಲೆ ತೆಗೆದು ಅದರ ಪಕ್ಕಕ್ಕಿಟ್ಟ. ಆಮೇಲೆ ನನ್ನನ್ನು ನೋಡಿದ. ಎಲ್ಲಿಗೆ ಹೋಗಿದ್ದಾಳೆ? ಲಕ್ವಾ ಹೊಡೆದ ಮೇಲೆ ಅಷ್ಟು ಸ್ಪಷ್ಟವಾಗಿ ಅಪ್ಪ ಏನನ್ನೂ ಕೇಳಿರಲಿಲ್ಲ. ಅಷ್ಟು ದಿನ ಅವನಿಗೆ ಕೇಳಲಿಕ್ಕೆ ಬರುತ್ತಿರಲಿಲ್ಲ, ನಾವು ಬಚಾವಾಗಿದ್ದೆವು. ಕೇಳಲಿಕ್ಕೆ ಬೇಕಾದದ್ದನ್ನು ನಾನೇ ಕೊಯ್ದು ಕೈಗೆ ಕೊಟ್ಟಿದ್ದೆ.

“ಅವ್ವ ಮನೋಳಿಗೆ…” ಎಂದು ಶುರು ಮಾಡಿದೆ.

ಅಪ್ಪ ಎಡಗೈ ಎತ್ತಿ ತಡೆದ. ಬಾಯಿಮಾತು ಅವನಿಗೆ ಬೇಡವಾಗಿತ್ತು. ಡಬ್ಬಿಯನ್ನು ಹಿಡಿದೆಳೆದು, ನೂಕಿ, ನನ್ನ ಮುಂದೆ ತಂದು ನಿಲ್ಲಿಸಿದ. ಅದರ ಅಂಚನ್ನು ಬೆರಳಿನಿಂದ ತಟ್ಟಿದ. ಇದರಲ್ಲಿ ತೆಗೆದು ಹೇಳು ಎನ್ನುವ ಹಾಗೆ.

ಡಬ್ಬಿಯಲ್ಲಿ ಕೈ ಹಾಕಿದೆ. ತಂಬಿಗೆ ಸಿಕ್ಕಿತು, ಕಪ್ಪು ಸಿಕ್ಕಿತು, ತಕ್ಕಡಿ, ಚಕ್ಕಡಿ, ಒಂದು ಕೊಂಬಿನ ಎತ್ತು, ಗುಡಿಯ ಶಿಖರ ಸಿಕ್ಕವು. ಅಪ್ಪನಿಗೆ ಬೇಕಾಗಬಹುದಾದ್ದೆಲ್ಲ ಅದರಲ್ಲಿತ್ತು. ಕೈ ಹೊರಗೆ ತೆಗೆಯಲಿಕ್ಕೆ ಧೈರ್ಯವಾಗದೆ ಬಿಲ್ಲೆಗಳನ್ನು ತಿರುವಿ ತಿರುವಿ ಹಾಕುತ್ತಲೇ ಇದ್ದೆ. ಅಪ್ಪ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದ.